ಹೆಜ್ಜೆಗೊಂದು ಗೆರೆ



ನಡೆಯುವಾಗ ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ನೀವು ಯೋಚಿಸುತ್ತೀರಾ? ಇಲ್ಲ. ಗೆಳೆಯರೊಡನೆ ಮಾತನಾಡುತ್ತಲೇ ಕಾಲೇಜು ತಲುಪಿಬಿಡುತ್ತೀರಿ. ರೂಢಿಯಾದ ಇಂಥ ಚಲನೆಗಳನ್ನು ನಮ್ಮ ಗಮನ ಬೇಡದೆ ನಡೆಸಿಕೊಡುವುದರಲ್ಲಿ ಮಿದುಳಿನ ಆಳದಲ್ಲಿರುವ ಕೆಲವು ನರಕೋಶ ಸಮೂಹಗಳ ಪಾತ್ರ ದೊಡ್ಡದು. ಅವುಗಳ ಕೆಲಸಕ್ಕೆ ಡೋಪಮೈನ್ ಎಂಬ ರಾಸಾಯನಿಕ ಬೇಕು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಡೋಪಮೈನನ್ನು ತಯಾರಿಸುವ ಕೋಶಗಳು ಕ್ರಮೇಣ ನಶಿಸುತ್ತವೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಕೈ ನಡುಗುವುದಷ್ಟೇ ಇದರ ಲಕ್ಷಣವಲ್ಲ. ಹೆಜ್ಜೆ ಚಿಕ್ಕದಾಗುತ್ತದೆ. ಕೆಲವರಿಗೆ ಬಾಗಿಲ ಬಳಿ ಅಥವಾ ತಿರುಗುವಾಗ ಪಾದ ನೆಲಕ್ಕೆ ಅಂಟಿದಂತಾಗುತ್ತದೆ. ಇದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ.

ಸೋಜಿಗವೆಂದರೆ, ಹೀಗೆ ನಿಂತುಬಿಟ್ಟವರ ಮುಂದೆ ಒಂದು ಅಡ್ಡಗೆರೆ ಎಳೆದರೆ ಹಲವರು ಅದನ್ನು ದಾಟಿ ನಡೆಯುತ್ತಾರೆ! ನರವೈದ್ಯ ಪರ್ಡನ್ ಮಾರ್ಟಿನ್ 1967ರ ತಮ್ಮ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಕಾಲಿನಲ್ಲಿ ಶಕ್ತಿಯಿದೆ, ಆದರೆ ನಡಿಗೆಯನ್ನು ಆರಂಭಿಸುವ ಒಳಗಿನ ಸೂಚನೆ ಕುಂದಿದೆ. ಗೆರೆ ಆ ಸೂಚನೆಯನ್ನು ಹೊರಗಿನಿಂದ ಕೊಡುತ್ತದೆ. ಆಗ ಮಿದುಳು ಕಣ್ಣು ಮತ್ತು ಗಮನದ ಮೂಲಕ ಬೇರೊಂದು ಮಾರ್ಗ ಹಿಡಿಯುತ್ತದೆಂಬುದು ವಿಜ್ಞಾನಿಗಳ ವಿವರಣೆ.

ಕಿವಿಯೂ ಹೀಗೆಯೇ ನೆರವಾಗಬಲ್ಲದು. 1996ರಲ್ಲಿ ಅಮೆರಿಕದ ಮೈಕೆಲ್ ಥೌಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ತಾಳಕ್ಕೆ ಸರಿಯಾಗಿ ಮೂರು ವಾರ ನಡೆದು ಅಭ್ಯಾಸ ಮಾಡಿದ ರೋಗಿಗಳ ವೇಗ ಸುಮಾರು ಶೇಕಡಾ 25ರಷ್ಟು ಹೆಚ್ಚಿತು.

ಸ್ಟುಡಿಯೋದಲ್ಲಿ ಕಲಾವಿದರು ನಿಲ್ಲಬೇಕಾದ ಜಾಗವನ್ನು ತೋರಿಸಲು ನಾವು ನೆಲಕ್ಕೆ ಬಣ್ಣದ ಟೇಪು ಅಂಟಿಸುತ್ತೇವೆ. ಅಂಥದೇ ಟೇಪಿನ ನಾಲ್ಕು ತುಂಡುಗಳು, ಒಂದೊಂದು ಹೆಜ್ಜೆಯ ಅಂತರದಲ್ಲಿ, ಒಬ್ಬ ಅಜ್ಜನನ್ನು ಹೊಸ್ತಿಲು ದಾಟಿಸಬಲ್ಲವು.

ವ್ಯಾಯಾಮದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಔಷಧಿಯನ್ನು ಬಿಡುವಂತೆಯೂ ಇಲ್ಲ. ಆದರೆ ದೊಡ್ಡ ಹೆಜ್ಜೆ, ಕೈ ಬೀಸಿ ನಡೆಯುವುದು, ಸಮತೋಲನದ ಅಭ್ಯಾಸ ಇವನ್ನು ಫಿಸಿಯೋಥೆರಪಿಸ್ಟರ ಸಲಹೆಯಂತೆ ನಿತ್ಯ ಮಾಡಿದರೆ ಓಡಾಟ ಸುಧಾರಿಸುತ್ತದೆ. ನಿಲ್ಲಿಸಿದರೆ ಲಾಭವೂ ಕರಗುತ್ತದೆ. ಆದ್ದರಿಂದಲೇ ಮನೆಯಲ್ಲಿ ಜೊತೆಗಾರರು ಬೇಕು.

ಆ ಜೊತೆಗಾರರು ನೀವಾಗಬಹುದು. ಅಜ್ಜ ಅಥವಾ ಅಜ್ಜಿ ನಿಂತಲ್ಲೇ ನಿಂತರೆ ಕೈಹಿಡಿದು ಎಳೆಯಬೇಡಿ, ಬಿದ್ದಾರು. "ಬೇಗ ಬನ್ನಿ" ಎಂದು ಅವಸರಪಡಿಸಬೇಡಿ. ನಡೆಯುವಾಗ ಮಾತಿಗೆಳೆಯಬೇಡಿ, ಅವರ ಗಮನ ಹೆಜ್ಜೆಯ ಮೇಲಿರಲಿ. ಪಕ್ಕದಲ್ಲಿ ನಿಂತು, ಅವರು ಸಾವರಿಸಿಕೊಂಡ ಮೇಲೆ ನಿಧಾನವಾಗಿ ಎಣಿಸಿ: ಒಂದು, ಎರಡು, ಒಂದು, ಎರಡು.