ಬೆವರಿಳಿದ ಮೇಲಿನ ಊಟ



ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಉತ್ತರದಲ್ಲಿ, ಜಿನನಾಥಪುರವೆಂಬ ಚಿಕ್ಕ ಗ್ರಾಮವೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ನೆಲೆಗೊಳಿಸಿದ ಊರು ಅದು. ಅಲ್ಲಿಯ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪವನ್ನು ನೋಡಲು ಹೋಗುವವರು ಸಾಮಾನ್ಯವಾಗಿ ದೊಡ್ಡಬೆಟ್ಟವನ್ನು ಹತ್ತಿ ಇಳಿದು, ತೊಡೆಗಳು ಇನ್ನೂ ನಡುಗುತ್ತಿರುವಾಗಲೇ ಹೋಗುತ್ತಾರೆ. ಈ ಹೊತ್ತಿನ ನನ್ನ ವಿಷಯ ಆ ಶಿಲ್ಪವಲ್ಲ. ಆ ನಡುಗುವ ತೊಡೆ. ಮೈಮುರಿಯುವಂತೆ ದುಡಿದ ಬಳಿಕ ಮನುಷ್ಯನು ಏನನ್ನು ಉಣ್ಣಬೇಕು, ಎಷ್ಟನ್ನು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬುದೇ ನಾವು ವಿಚಾರಮಾಡತಕ್ಕ ಪ್ರಶ್ನೆ.

ದೊಡ್ಡಬೆಟ್ಟದ ಮೇಲೆ ನಿಂತಿರುವಾತನೂ ಮಲ್ಲನೇ ಎಂಬುದನ್ನು ನಾವು ಮರೆಯುತ್ತೇವೆ. ಅಣ್ಣನಾದ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದುದೆಲ್ಲವನ್ನೂ ತೊರೆದು, ಬಾಹುಬಲಿಯು ಒಂದು ವರ್ಷ ನಿರಾಹಾರನಾಗಿ ನಿಂತನೆಂದು ಕಥೆ. ಅದು ಮಹಾಪುರುಷರ ಮಾರ್ಗ. ಕುಸ್ತಿಯಾದ ಮೇಲೆ ಊಟವನ್ನು ಬಿಡುವುದು ಅವನಿಗೆ ಮೋಕ್ಷಸಾಧನವಾಯಿತು. ನಮ್ಮಂಥವರಿಗೆ ಅದು ಬರಿಯ ನಿಶ್ಶಕ್ತಿಗೆ ಸಾಧನವಾದೀತು.

ಶ್ರಮದ ಬಳಿಕ ಆಹಾರ ಬೇಕಾದವರು ಎರಡು ಬಗೆ. ಮುಂಜಾನೆಯೇ ಗರಡಿಗೋ ವ್ಯಾಯಾಮಶಾಲೆಗೋ ಹೋಗಿ, ಬಸಿಗೆ ತೆಗೆದು, ಭಾರವೆತ್ತಿ, ಬಳಿಕ ಒಂದು ಲೋಟ ಕಾಫಿಯನ್ನು ಮಾತ್ರ ಕುಡಿದು ಕಾಲೇಜಿಗೆ ಓಡಿಬರುವ ತರುಣರು ಒಂದು ಬಗೆ. ಇವರಿಗೆ ಹಿರಿಯ ಪರಂಪರೆಯೇ ಇದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ಸ್ಥಾಪಿಸಿ ವಿದ್ಯಾವಂತರಲ್ಲಿ ಅಂಗಸಾಧನೆಯ ಆಸಕ್ತಿಯನ್ನು ಬೆಳೆಸಿದ ಶ್ರೀ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’ ಕಾದಂಬರಿಯನ್ನೂ ಬರೆದವರು. ಆ ಶಾಂತಲಾದೇವಿ ಕಟ್ಟಿಸಿದ ಬಸದಿ ಚಿಕ್ಕಬೆಟ್ಟದ ಮೇಲೆಯೇ ಇದೆ. ಎರಡನೆಯ ಬಗೆಯವರು ವ್ಯಾಯಾಮವೆಂಬ ಹೆಸರಿಲ್ಲದೆಯೇ ವ್ಯಾಯಾಮಮಾಡುವವರು. ಆರುನೂರಕ್ಕೂ ಮೀರಿದ ಮೆಟ್ಟಿಲುಗಳ ಮೇಲೆ ವೃದ್ಧ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತು ಹತ್ತುವವರು, ರಾಗಿಯ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಹೆಂಗಸರು, ಕಲ್ಲು ಹೊರುವ ಕೂಲಿಗಳು ಈ ಪಂಗಡದವರು. ದೇಹಕ್ಕೆ ಈ ಭೇದ ತಿಳಿಯದು. ದುಡಿದ ಸ್ನಾಯು ಇಬ್ಬರಲ್ಲಿಯೂ ಒಂದೇ ಬಗೆಯಾಗಿ ಬೇಡುತ್ತದೆ.

ಅದು ಬೇಡುವುದು ಮೂರು ವಸ್ತುಗಳನ್ನು. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು, ಉರಿದುಹೋದ ಇಂಧನ, ಸವೆದ ಅಂಗದ ದುರಸ್ತಿಗೆ ಬೇಕಾದ ಸಾಮಗ್ರಿ. ಶ್ರಮವೆಂಬುದು ಸಾಲವಾದರೆ ಊಟವು ಅದರ ತೀರುವಳಿ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ನೀರು. ಶ್ರಮಕ್ಕೆ ಮುಂಚೆ ಒಮ್ಮೆ, ಬಳಿಕ ಒಮ್ಮೆ ತೂಗಿ ನೋಡಿದರೆ, ಕಡಮೆಯಾದ ತೂಕವು ಬಹುಮಟ್ಟಿಗೆ ನೀರೇ ಆಗಿರುತ್ತದೆ. ಒಂದು ಕಿಲೋಗ್ರಾಂ ಇಳಿದಿದ್ದರೆ, ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರಿನಷ್ಟು ದ್ರವವು ಸೇರಬೇಕು. ಇಳಿದುದಕ್ಕಿಂತ ಹೆಚ್ಚಾಗಿ ಏಕೆಂದರೆ, ಕುಡಿದುದರಲ್ಲಿ ಒಂದಂಶ ಮೂತ್ರವಾಗಿ ಹೋಗಿಬಿಡುತ್ತದೆ. ಇದನ್ನು ಒಂದೇ ಉಸಿರಿನಲ್ಲಿ ಕುಡಿಯತಕ್ಕದ್ದಲ್ಲ. ಬರಿಯ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಉಪ್ಪಿನಂಶ ತಗ್ಗಿ ಅಪಾಯವೂ ಉಂಟಾಗಬಹುದು. ಉಪ್ಪಿದ್ದರೆ ನೀರು ಮೈಯಲ್ಲಿ ನಿಲ್ಲುತ್ತದೆ. ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನು ಬಿಸಿಲಿನಿಂದ ಬಂದವರಿಗೆ ಮೊದಲು ಕೊಡುವ ನಮ್ಮ ಪದ್ಧತಿಯಲ್ಲಿ ಕೇವಲ ಉಪಚಾರವಲ್ಲ, ಶರೀರಶಾಸ್ತ್ರವೂ ಅಡಗಿದೆ.

ಎರಡನೆಯದು ಇಂಧನ. ನಾವು ತಿಂದ ಪಿಷ್ಟ ಮತ್ತು ಸಕ್ಕರೆಗಳು ಗ್ಲೈಕೊಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುತ್ತವೆ. 1966ರಲ್ಲಿ ಸ್ವೀಡನ್ ದೇಶದ ಬರ್ಗ್‌ಸ್ಟ್ರೋಂ ಮತ್ತು ಹಲ್ಟ್‌ಮನ್ ಎಂಬ ಇಬ್ಬರು ವೈದ್ಯರು ತಮ್ಮ ಮೈಮೇಲೆಯೇ ಒಂದು ಪರೀಕ್ಷೆಯನ್ನು ನಡೆಸಿದರು. ಒಂದೇ ವ್ಯಾಯಾಮ ಸೈಕಲ್ಲಿನ ಎರಡು ಪಕ್ಕಗಳಲ್ಲಿ ಕುಳಿತು, ತಲಾ ಒಂದೊಂದು ಕಾಲಿನಿಂದ ಮಾತ್ರ ಸುಸ್ತಾಗುವವರೆಗೆ ತುಳಿದರು. ಇನ್ನೊಂದು ಕಾಲಿಗೆ ವಿಶ್ರಾಂತಿ ಕೊಟ್ಟರು. ಅನಂತರ ಮೂರು ದಿನ ಪಿಷ್ಟಪ್ರಧಾನವಾದ ಆಹಾರವನ್ನು ತಿಂದು, ಎರಡು ತೊಡೆಗಳಿಂದಲೂ ಸೂಜಿಯ ಮೂಲಕ ಸ್ನಾಯುವಿನ ತುಣುಕುಗಳನ್ನು ತೆಗೆದು ಪರೀಕ್ಷಿಸಿದರು. ದುಡಿದು ಬರಿದಾಗಿದ್ದ ಕಾಲಿನಲ್ಲಿ, ದುಡಿಯದ ಕಾಲಿನ ಸುಮಾರು ಎರಡರಷ್ಟು ಗ್ಲೈಕೊಜನ್ ತುಂಬಿಕೊಂಡಿತ್ತು. ಊಟ ಒಂದೇ, ರಕ್ತ ಒಂದೇ; ಆದರೆ ದುಡಿದ ಅಂಗವು ತನ್ನ ಪಾಲನ್ನು ಹೆಚ್ಚಾಗಿ ಕೇಳಿ ಪಡೆದುಕೊಂಡಿತು. ಶ್ರಮದ ಬಳಿಕ ಅನ್ನ, ಮುದ್ದೆಗಳನ್ನು ಕಂಡರೆ ಹೆದರುವ ನಮ್ಮ ತರುಣರು ಈ ಪರೀಕ್ಷೆಯನ್ನು ಜ್ಞಾಪಕದಲ್ಲಿಡತಕ್ಕದ್ದು.

ಚನ್ನರಾಯಪಟ್ಟಣದ ಸೀಮೆಯಲ್ಲಿ ಈ ಇಂಧನಕ್ಕೆ ರಾಗಿ ಎಂದು ಹೆಸರು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 67 ಗ್ರಾಂ ಪಿಷ್ಟವೂ, ಏಳು ಗ್ರಾಂ ಸಸಾರಜನಕವೂ, ಮೂಳೆಗೆ ಬೇಕಾದ ಸುಣ್ಣದ ಅಂಶವು 350 ಮಿಲಿಗ್ರಾಂಗಳಷ್ಟೂ ಇವೆ. ಒಡನೆಯೇ ಮುದ್ದೆ ಕಟ್ಟುವಷ್ಟು ಅವಕಾಶವಿಲ್ಲದವರಿಗೆ ನಮ್ಮ ಅಜ್ಜಿಯರು ಹುರಿಹಿಟ್ಟನ್ನು ಮಾಡಿಟ್ಟಿದ್ದಾರೆ. ಅರಳಿಸಿ ಬೀಸಿದ ರಾಗಿಯ ಆ ಹಿಟ್ಟಿಗೆ ಒಲೆ ಬೇಡ. ಬೆಲ್ಲ ಹಾಲುಗಳಲ್ಲಿ ಕಲಸಿದರೆ, ಗರಡಿಯಿಂದ ಬಂದವನಿಗೆ ಐದು ನಿಮಿಷದಲ್ಲಿ ಪಿಷ್ಟವೂ ಸಿಹಿಯೂ ಸಸಾರಜನಕವೂ ಒಂದೇ ಬಟ್ಟಲಿನಲ್ಲಿ ಒದಗುತ್ತವೆ.

ಮೂರನೆಯದು ದುರಸ್ತಿಯ ಸಾಮಗ್ರಿ. ಇದೇ ಸಸಾರಜನಕ, ಇಂದು ಪ್ರೋಟೀನ್ ಎಂದು ಎಲ್ಲರ ಬಾಯಲ್ಲಿರುವ ವಸ್ತು. ಸಾಮಾನ್ಯ ಜೀವನಕ್ಕೆ ಮೈತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 0.83 ಗ್ರಾಂ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದೆ. ಕಠಿಣವಾಗಿ ಅಂಗಸಾಧನೆ ಮಾಡುವವರಿಗೆ 1.4ರಿಂದ 2 ಗ್ರಾಂವರೆಗೆ ಬೇಕೆಂದು ವ್ಯಾಯಾಮ ವಿಜ್ಞಾನಿಗಳ ಮತ. ಒಂದು ಹೊತ್ತಿಗೆ 20ರಿಂದ 25 ಗ್ರಾಂ ದೊರೆತರೆ ಅರುವತ್ತು ಕಿಲೋಗ್ರಾಂ ತೂಕದವರ ಸ್ನಾಯುವಿಗೆ ಸಾಕು. ಲೆಕ್ಕ ಹಾಕಿ ನೋಡೋಣ. ನೂರು ಗ್ರಾಂ ಹಿಟ್ಟಿನ ಮುದ್ದೆಯಿಂದ ಏಳು ಗ್ರಾಂ. ಐವತ್ತು ಗ್ರಾಂ ಹುರುಳಿಕಾಳಿನಿಂದ ಸುಮಾರು ಹನ್ನೊಂದು. ಕಾಲು ಲೀಟರ್ ಹಾಲು ಅಥವಾ ಮೊಸರಿನಿಂದ ಎಂಟು. ಒಟ್ಟು ಇಪ್ಪತ್ತಾರು. ಧಾನ್ಯದ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ, ಹಾಲು ಎರಡನ್ನೂ ಮೇಲಕ್ಕೆತ್ತುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದೊಂದರಿಂದ ಆರು ಗ್ರಾಂ ಹೆಚ್ಚಾಗಿ ದೊರೆಯುತ್ತದೆ. ತಿನ್ನದವರಿಗೆ ಹಾನಿಯೇನೂ ಇಲ್ಲ.

ಆದರೆ ಇಲ್ಲಿಯೇ ಒಂದು ಸಂಗತಿಯನ್ನು ಗಮನಿಸಬೇಕು. ಹುರುಳಿಯನ್ನು ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡಿಕೊಂಡು, ಬೆಂದ ಕಾಳನ್ನು ಎತ್ತಿನ ಮುಂದೆ ಇಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿತು. ಕಟ್ಟಿನ ಸಾರಿನ ರುಚಿಗೆ ಸಮನಾದುದಿಲ್ಲ, ಒಪ್ಪುತ್ತೇನೆ. ಆದರೆ ಸಸಾರಜನಕದ ಹೆಚ್ಚಿನ ಪಾಲು ಉಳಿಯುವುದು ಕಾಳಿನಲ್ಲಿ. ನೊಗ ಹೊತ್ತ ಎತ್ತಿಗೆ ಕಾಳು ಸಲ್ಲುವುದು ನ್ಯಾಯವೇ. ಡೋಲಿ ಹೊತ್ತ ಮನುಷ್ಯನಿಗೂ ಅಷ್ಟೇ ನ್ಯಾಯವಾಗಿ ಸಲ್ಲಬೇಡವೇ? ಬಸ್ಸಾರಿನ ಜೊತೆಗೆ ಕಾಳಿನ ಪಲ್ಯವೂ ತಟ್ಟೆಗೆ ಬರಬೇಕು. ದುಡಿಯುವವರ ಊಟದಲ್ಲಿ ಕೊರತೆ ಬೀಳುವುದು ಮುದ್ದೆಗಲ್ಲ, ಮುದ್ದೆಯ ಪಕ್ಕದಲ್ಲಿರಬೇಕಾದ ಕಾಳು ಹಾಲುಗಳಿಗೆ.

ಇನ್ನು ಕಾಲದ ವಿಚಾರ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ತಿನ್ನದಿದ್ದರೆ ಶ್ರಮವೆಲ್ಲ ವ್ಯರ್ಥವೆಂಬ ಭಯ ತರುಣರಲ್ಲಿ ಹರಡಿದೆ. ಇದು ಅತಿಶಯೋಕ್ತಿ. ಸ್ನಾಯುವು ಸಸಾರಜನಕವನ್ನು ಸ್ವೀಕರಿಸುವ ಸಾಮರ್ಥ್ಯವು ಶ್ರಮದ ಬಳಿಕ ಒಂದು ದಿನದವರೆಗೂ ಹೆಚ್ಚಾಗಿಯೇ ಇರುತ್ತದೆ. ಶ್ರಮಕ್ಕೆ ಮೊದಲು ಉಂಡಿದ್ದವನು ಒಂದೆರಡು ಗಂಟೆ ತಡಮಾಡಿದರೂ ನಷ್ಟವಿಲ್ಲ. ಬರಿಹೊಟ್ಟೆಯಲ್ಲಿ ದುಡಿದವನೂ, ಅದೇ ದಿನ ಮತ್ತೆ ದುಡಿಯಬೇಕಾದವನೂ ಮಾತ್ರ ತಡಮಾಡಬಾರದು. ಒಮ್ಮೆ ಬೆಟ್ಟವಿಳಿದು ಮಧ್ಯಾಹ್ನ ಮತ್ತೆ ಡೋಲಿಗೆ ಹೆಗಲು ಕೊಡುವವನಿಗೆ ಕೂಡಲೇ ಪಿಷ್ಟ ಬೇಕು. ಸಂಜೆಯೊಮ್ಮೆ ವ್ಯಾಯಾಮಶಾಲೆಗೆ ಹೋಗುವ ಗುಮಾಸ್ತನಿಗೆ ಮನೆಗೆ ಬಂದು ನಿಧಾನವಾಗಿ ಉಣ್ಣಲು ಅವಕಾಶವಿದೆ. ಸೂರ್ಯಾಸ್ತದ ಅನಂತರ ಉಣ್ಣದ ವ್ರತವನ್ನು ಪಾಲಿಸುವ ಜೈನ ಬಂಧುಗಳು ಇದರಿಂದ ಚಿಂತಿಸಬೇಕಾದುದಿಲ್ಲ. ಸಾಧನೆಯನ್ನು ಬೆಳಗಿಗೆ ಇಟ್ಟುಕೊಂಡರೆ ದಿನವಿಡೀ ಆಹಾರಕ್ಕೆ ಅವಕಾಶ. ಸಂಜೆಗೆ ಇಟ್ಟುಕೊಂಡರೆ ಹೊತ್ತಿರುವಾಗಲೇ ಮುಗಿಸಿ ಉಣ್ಣುವುದು ಲೇಸು.

ಮೈಕೈ ನೋವಿನ ಮಾತನ್ನೂ ಹೇಳಿಬಿಡುತ್ತೇನೆ. ಬೆಟ್ಟ ಹತ್ತಿದ ಮಾರನೆಯ ದಿನ ತೊಡೆಗಳು ಹಿಡಿದುಕೊಳ್ಳುವುದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆ ವಸ್ತುವಾದರೋ ಒಂದೆರಡು ಗಂಟೆಗಳಲ್ಲಿಯೇ ತೊಲಗಿಹೋಗುತ್ತದೆ. ನೋವು ಬಲಿಯುವುದು ಎರಡನೆಯ, ಮೂರನೆಯ ದಿನ. ನಿಜವಾದ ಕಾರಣ ಸ್ನಾಯುವಿನ ಎಳೆಗಳಿಗೆ ಆಗುವ ಸೂಕ್ಷ್ಮವಾದ ಪೆಟ್ಟು. ವಿಚಿತ್ರವೆಂದರೆ, ಈ ಪೆಟ್ಟು ಹತ್ತುವಾಗಿಗಿಂತ ಇಳಿಯುವಾಗಲೇ ಹೆಚ್ಚು. ಇಳಿಯುವಾಗ ತೊಡೆಯ ಸ್ನಾಯುವು ನೀಳವಾಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ. ಈ ನೋವನ್ನು ರಾತ್ರಿ ಬೆಳಗಾಗುವುದರೊಳಗೆ ಕಳೆಯುವ ಆಹಾರವಾಗಲಿ ಕಷಾಯವಾಗಲಿ ಇಲ್ಲ. ಒಳ್ಳೆಯ ಊಟ, ನಿದ್ರೆ, ಎರಡು ಮೂರು ದಿನಗಳ ಸಾವಧಾನ, ಇವೇ ಔಷಧ.

ಡಬ್ಬಿಗಳಲ್ಲಿ ಮಾರುವ ಪುಡಿಗಳ ಬಗ್ಗೆ ನನ್ನ ವಿದ್ಯಾರ್ಥಿಗಳು ಪದೇ ಪದೇ ಕೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಹಾಲನ್ನು ಒಡೆದಾಗ ಉಳಿಯುವ ತಿಳಿನೀರಿನ ಸಸಾರಜನಕವೇ. ಅದು ವಿಷವಲ್ಲ, ಅಮೃತವೂ ಅಲ್ಲ. ಹಾಲಿನ ಒಂದು ಭಾಗ, ಅಷ್ಟೆ. ಅಡಿಗೆಗೆ ಅನುಕೂಲವಿಲ್ಲದವನಿಗೆ ಅದರಿಂದ ಸೌಕರ್ಯವುಂಟು. ಆದರೆ ತಾಯಿ ಕಟ್ಟಿದ ಮುದ್ದೆಯನ್ನು ತಳ್ಳಿ, ತಂದೆಯ ಸಂಬಳದ ಒಂದು ಪಾಲನ್ನು ಡಬ್ಬಿಗೆ ಸುರಿಯುವುದಕ್ಕೆ ಶಾಸ್ತ್ರದ ಸಮ್ಮತಿಯಿಲ್ಲ. ಮೈಸೂರಿನ ಪೈಲ್ವಾನರ ಬಾದಾಮಿ, ಹಾಲು, ತುಪ್ಪಗಳೂ ಹಾಗೆಯೇ. ದಿನಕ್ಕೆ ಗಂಟೆಗಟ್ಟಲೆ ಮಣ್ಣಿನಲ್ಲಿ ಹೊರಳುವವನಿಗೆ ಅವು ಅರಗುತ್ತವೆ. ಬಾದಾಮಿಯಲ್ಲಿ ಸುಮಾರು ಅರ್ಧ ಭಾಗ ಕೊಬ್ಬೇ ಇರುವುದರಿಂದ, ಅರ್ಧ ಗಂಟೆ ಬೆವರಿ ಉಳಿದ ದಿನವೆಲ್ಲ ಕುರ್ಚಿಯಲ್ಲಿ ಕೂರುವವನಿಗೆ ಅವು ಹೊಟ್ಟೆಯ ಸುತ್ತಳತೆಯನ್ನು ಬೆಳೆಸುತ್ತವೆ. ಮೂತ್ರಪಿಂಡದ ವ್ಯಾಧಿಯುಳ್ಳವರು ವೈದ್ಯರನ್ನು ಕೇಳದೆ ಸಸಾರಜನಕವನ್ನು ಹೆಚ್ಚಿಸಿಕೊಳ್ಳಬಾರದೆಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ.

ದಣಿದವನು ಊಟದ ಬದಲು ಮದ್ಯವನ್ನು ಹುಡುಕುವುದು ಮತ್ತೊಂದು ದುರ್ದೈವ. ದಣಿವು ಮರೆತಂತೆ ಆಗುವುದು ನಿಜ. ಆದರೆ ಮದ್ಯವು ಸ್ನಾಯುವಿನ ದುರಸ್ತಿಗೆ ಅಡ್ಡಿಬರುತ್ತದೆ, ಸಾಲದುದಕ್ಕೆ ಕಾಳಿಗೂ ಹಾಲಿಗೂ ಸಲ್ಲಬೇಕಾದ ಹಣವನ್ನು ನುಂಗುತ್ತದೆ. ಕಳೆ ತೆಗೆದು ಬಂದು, ನೀರು ಹೊತ್ತು, ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿದ ಮೇಲೆ ಕೊನೆಯಲ್ಲಿ ಉಣ್ಣುವ ಗೃಹಿಣಿಯನ್ನೂ ಇಲ್ಲಿ ನೆನೆಯಬೇಕು. ಅವಳ ಮೈಯೂ ದುಡಿದ ಮೈಯೇ. ಅವಳ ಸರದಿ ಬರುವ ವೇಳೆಗೆ ಪಾತ್ರೆಯಲ್ಲಿ ಮುದ್ದೆಯೂ ತಿಳಿಸಾರೂ ಉಳಿದಿರುತ್ತವೆ, ಕಾಳು ಮುಗಿದಿರುತ್ತದೆ. ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಂಡರೆ ಒಂದು ಕಾಸಿನ ಖರ್ಚಿಲ್ಲದೆ ಈ ಅನ್ಯಾಯ ಅರ್ಧ ತೀರುತ್ತದೆ.

ಆದುದರಿಂದ, ಶ್ರೋತೃಗಳೇ, ನನ್ನ ಮಾತಿನ ಸಾರಾಂಶವಿಷ್ಟು. ಮೊದಲು ಉಪ್ಪು ಬೆರೆಸಿದ ಮಜ್ಜಿಗೆ, ಬಳಿಕ ಮುದ್ದೆಯೋ ಅನ್ನವೋ ಹುರಿಹಿಟ್ಟೋ, ಅದರೊಡನೆ ಕಾಳು, ಹಾಲು, ಮೊಸರು, ಆಮೇಲೆ ನಿದ್ರೆ. ಇಷ್ಟನ್ನು ಒದಗಿಸಲು ಪಟ್ಟಣದ ಅಂಗಡಿಯ ಅಗತ್ಯವಿಲ್ಲ. ಜಿನನಾಥಪುರದ ಹೊಲವೂ ಕೊಟ್ಟಿಗೆಯೂ ಸಾಕು. ವ್ಯಾಯಾಮವನ್ನು ಹವ್ಯಾಸವಾಗಿ ಮಾಡುವ ನಮಗೆ ಈ ಊಟ ಸುಲಭವಾಗಿ ಸಿಕ್ಕುತ್ತದೆ. ಹೊಟ್ಟೆಪಾಡಿಗಾಗಿ ಬೆವರು ಸುರಿಸುವವರಿಗೂ ಅದೇ ತಟ್ಟೆ, ಅದೇ ಕಾಳು, ಅದೇ ಹಾಲು ದೊರೆಯುವಂತಾಗಬೇಕು. ಮುಂದಿನ ಸಲ ನೀವು ದೊಡ್ಡಬೆಟ್ಟಕ್ಕೆ ಹೋಗಿ ಹಿರಿಯರಿಗಾಗಿ ಡೋಲಿಯನ್ನು ಗೊತ್ತುಮಾಡುವಾಗ, ಕೂಲಿಯಲ್ಲಿ ಚೌಕಾಸಿ ಮಾಡುವ ಮೊದಲು ಈ ಲೆಕ್ಕವನ್ನು ಮನಸ್ಸಿನಲ್ಲಿ ಒಮ್ಮೆ ಹಾಕಿ ನೋಡಬೇಕೆಂದು ಪ್ರಾರ್ಥಿಸಿ, ನನ್ನ ಭಾಷಣವನ್ನು ಮುಗಿಸುತ್ತೇನೆ.