ಕಾಲೇಜಿನಲ್ಲಿ ಸಿನೆಮಾ ಪಾಠ: ಬೇಕೆ, ಬೇಡವೆ?

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ದಾಸರ ಪದಗಳ ಮೇಲೆ, ಶರಣರ ವಚನಗಳ ಮೇಲೆ, ಪ್ರಾವಿಡೆಂಟ್ ಫಂಡಿನ ನಿಯಮಗಳ ಮೇಲೆ ಭಾಷಣಗಳಾಗಿವೆ. ಸಿನೆಮಾದ ಮೇಲೆ ಆದದ್ದು ಕಡಿಮೆ. ಅದರಲ್ಲೂ ಕಾಲೇಜಿನಲ್ಲಿ ಕಲಿಸುವ ಸಿನೆಮಾ ಪಾಠದ ವಿಷಯ ಮಾತನಾಡಲು, ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಪುಸ್ತಕ ಹಿಡಿದ ನನ್ನಂಥವನು ನಿಂತದ್ದು ತಮಗೆ ಸೋಜಿಗವೆನಿಸಬಹುದು. ವಾಚನಾಲಯದಲ್ಲಿ ಪತ್ರಿಕೆ ಜೋಡಿಸುವ ಸೇವೆಯಲ್ಲಿರುವವನಿಗೆ ಜನರ ಪ್ರಶ್ನೆಗಳು ಮೊದಲು ಕಿವಿಗೆ ಬೀಳುತ್ತವೆ. ಅಂಥ ಒಂದು ಪ್ರಶ್ನೆಗೆ ನಾನು ಓದಿ, ಕೇಳಿ ತಿಳಿದುಕೊಂಡ ಉತ್ತರವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಕಾಲೇಜು ಪ್ರವೇಶದ ದಿನಗಳಲ್ಲಿ ನಮ್ಮ ಸದಸ್ಯರೊಬ್ಬರು ಮಗಳ ಫಾರ್ಮು ಹಿಡಿದುಕೊಂಡು ಬಂದಿದ್ದರು. ಹುಡುಗಿ ಬಿ.ಕಾಂ.ಗೆ ಸೇರುವವಳು. ಐಚ್ಛಿಕ ವಿಷಯದ ಸಾಲಿನಲ್ಲಿ ‘ಚಲಚ್ಚಿತ್ರ ಮತ್ತು ಮಾಧ್ಯಮ ಪರಿಚಯ’ ಎಂದು ಬರೆದಿದ್ದಳು. “ಸಿನೆಮಾ ನೋಡಲಿಕ್ಕೆ ನಾನು ಫೀ ಕಟ್ಟಬೇಕೇನ್ರಿ?” ಎಂದು ಅವರು ಕೇಳಿದರು. ಓವರ್‌ಟೈಮ್ ಮಾಡಿ ಫೀ ಹೊಂದಿಸುವ ತಂದೆ ಹೀಗೆ ಕೇಳುವುದು ನ್ಯಾಯವೇ. ನಮ್ಮ ಅನೇಕ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತುವ ಮೊದಲ ತಲೆಮಾರು ಇದು. ಅಲ್ಲಿ ಕಳೆಯುವ ಒಂದೊಂದು ಗಂಟೆಗೂ ಮನೆಯವರು ಲೆಕ್ಕ ಕೇಳುತ್ತಾರೆ, ಕೇಳಲೇಬೇಕು.

ಮೊದಲು ಆ ಗಂಟೆಗಳ ಲೆಕ್ಕವನ್ನೇ ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ, ವಿದ್ಯಾರ್ಥಿಯು ತನ್ನ ಮುಖ್ಯ ವಿಷಯದ ಹೊರಗೂ ಸ್ವಲ್ಪ ಕಲಿಯಬೇಕೆಂಬ ಪದ್ಧತಿ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಂದಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಇಂಥ ಬಹುಶಿಸ್ತೀಯ ವಿಷಯಗಳಿಗೆ ಒಟ್ಟು 9 ಕ್ರೆಡಿಟ್ ಇಟ್ಟಿದೆ. ಅಂದರೆ ತಲಾ 3 ಕ್ರೆಡಿಟ್ಟಿನ ಮೂರು ವಿಷಯಗಳು. ಪಾಠದ ಒಂದು ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರಿನಲ್ಲಿ 15 ಗಂಟೆ. ಆ ಪ್ರಕಾರ 3 ಕ್ರೆಡಿಟ್ಟಿನ ಸಿನೆಮಾ ಪಾಠಕ್ಕೆ 45 ಗಂಟೆ ಸಲ್ಲುತ್ತದೆ. ಇದು ಅಕೌಂಟೆನ್ಸಿಯ ಸ್ಥಾನವನ್ನು ಕಿತ್ತುಕೊಳ್ಳುವುದಿಲ್ಲ. ಆ ಜಾಗದಲ್ಲಿ ಹೇಗಿದ್ದರೂ ಒಂದು ಹೊರಗಿನ ವಿಷಯ ತೆಗೆದುಕೊಳ್ಳಲೇಬೇಕು. ಯಾವುದನ್ನು ತೆಗೆದುಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ.

ಇನ್ನು ಅಲ್ಲಿ ಕಲಿಸುವುದೇನು? ಹಾಡು, ಕುಣಿತ, ನಟನಟಿಯರ ಸುದ್ದಿ ಅಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಅದು ನಮ್ಮಂಥ ದುಡಿಯುವವರಿಗೆ ಹತ್ತಿರದ್ದು. ಫ್ರಾನ್ಸಿನ ಲೂಮಿಯೇರ್ ಸೋದರರು 1895ರಲ್ಲಿ ತೆಗೆದ ಮೊದಮೊದಲ ಚಿತ್ರಗಳಲ್ಲಿ ಒಂದು, ಲಿಯಾನ್ ಊರಿನಲ್ಲಿದ್ದ ಅವರದೇ ಕಾರ್ಖಾನೆಯ ಬಾಗಿಲು ತೆರೆದು ಕೆಲಸಗಾರರು ಹೊರಗೆ ಬರುವ ದೃಶ್ಯ. ಒಂದು ನಿಮಿಷವೂ ಇಲ್ಲ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಭಾರತದ ಮೊದಲ ಚಿತ್ರಪ್ರದರ್ಶನ ನಡೆದಾಗ, ತೋರಿಸಿದ ಆರು ತುಣುಕುಗಳಲ್ಲಿ ಕಾರ್ಖಾನೆ ಬಿಡುವ ಈ ದೃಶ್ಯವೂ ಇತ್ತು. ಗಿರಣಿಗಳ ಊರಾಗಿದ್ದ ಮುಂಬಯಿಗೆ ಸಿನೆಮಾ ಬಂದದ್ದೇ ಕೆಲಸಗಾರರ ಮುಖ ಹೊತ್ತುಕೊಂಡು!

ಈ ಚಿತ್ರ ನೋಡಿದವರು ‘ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಾರೆ’ ಎನ್ನುತ್ತಾರೆ. ಆದರೆ ಅದೇ ದೃಶ್ಯದ ಮೂರು ಬೇರೆ ಬೇರೆ ಪ್ರತಿಗಳು ಇಂದಿಗೂ ಉಳಿದಿವೆ. ಒಂದರಲ್ಲಿ ಒಂಟಿ ಕುದುರೆಯ ಗಾಡಿ ಬರುತ್ತದೆ, ಇನ್ನೊಂದರಲ್ಲಿ ಜೋಡಿ ಕುದುರೆಯ ಗಾಡಿ, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಅಂದಮೇಲೆ ಒಂದಕ್ಕಿಂತ ಹೆಚ್ಚು ಸಲ ಅದನ್ನು ತೆಗೆದಿದ್ದಾರೆ ಎಂದಾಯಿತು. ಕ್ಯಾಮೆರಾ ಎಲ್ಲಿಡಬೇಕು ಎಂದು ನಿರ್ಧರಿಸಿದವರು ಕಾರ್ಖಾನೆಯ ಮಾಲೀಕರು. ಅದರ ಮುಂದೆ ನಡೆದುಹೋದವರು ಕೂಲಿಗಾರರು. ಬಾಗಿಲಿನ ಒಳಗಿನ ಕೆಲಸ ಚಿತ್ರದಲ್ಲಿ ಕಾಣುವುದಿಲ್ಲ. ಸಿನೆಮಾ ಪಾಠದ ಮೊದಲ ಅಕ್ಷರ ಇದೇ: ಕ್ಯಾಮೆರಾ ಯಾರ ಕೈಯಲ್ಲಿದೆ, ಅದು ಏನನ್ನು ಬಿಟ್ಟಿದೆ ಎಂದು ಕೇಳುವುದು.

ಎರಡನೆಯ ಅಕ್ಷರ ಜೋಡಣೆಯದು. ರಷ್ಯಾದ ಕುಲೆಶೋವ್ ಎಂಬ ನಿರ್ದೇಶಕನು ಸುಮಾರು 1920ರ ಹೊತ್ತಿಗೆ ಒಂದು ಪ್ರಯೋಗ ಮಾಡಿದನೆಂದು ಪಾಠದಲ್ಲಿ ಹೇಳಿಕೊಡುತ್ತಾರೆ. ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕಕ್ಕೆ, ಒಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೆ, ಒಮ್ಮೆ ಒಬ್ಬ ಹೆಂಗಸಿನ ಪಕ್ಕಕ್ಕೆ ಜೋಡಿಸಿದನಂತೆ. ನೋಡಿದವರು ಆ ಒಂದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಆಸೆಯನ್ನೂ ಕಂಡರಂತೆ. ಮುಖ ಬದಲಾಗಿರಲಿಲ್ಲ, ಬದಲಾದದ್ದು ಪಕ್ಕದ ಚಿತ್ರ.

ಇದರಿಂದ ನಮಗೇನು ಎನ್ನುತ್ತೀರಾ? ಈಗ ಪ್ರತಿಯೊಬ್ಬರ ಜೇಬಿನಲ್ಲಿ ಮೊಬೈಲು ಇದೆ. ಎಲ್ಲಿಯದೋ ಗಲಭೆಯ ಹಳೆಯ ತುಣುಕಿಗೆ ಹೊಸ ತಲೆಬರಹ ಅಂಟಿಸಿ, ‘ಇದು ನಿನ್ನೆ ನಿಮ್ಮೂರಿನಲ್ಲಿ ನಡೆದದ್ದು’ ಎಂದು ಕಳಿಸುತ್ತಾರೆ. ಪರಊರಿನಲ್ಲಿ ದುಡಿಯುವ ನಮಗೆ ಇದು ತಮಾಷೆಯ ವಿಷಯವಲ್ಲ. ಭಾಷೆಯ ಹೆಸರಿನಲ್ಲಿ, ಗಡಿಯ ಹೆಸರಿನಲ್ಲಿ, ನೀರಿನ ಹೆಸರಿನಲ್ಲಿ ಇಂಥ ಒಂದು ತುಣುಕು ಹೊರಟರೆ, ಅಕ್ಕಪಕ್ಕದ ಮನೆಗಳಲ್ಲಿ ವರ್ಷಗಟ್ಟಲೆ ಸಾರು-ಪಲ್ಯ ಕೊಟ್ಟು ತೆಗೆದುಕೊಂಡವರ ನಡುವೆಯೂ ಸಂಶಯ ಹುಟ್ಟುತ್ತದೆ. ಆಗ ಮನೆಯಲ್ಲಿ ಒಬ್ಬ ಹುಡುಗಿಯಾದರೂ, “ಅಪ್ಪಾ, ತಡಿ. ಇದರ ದನಿ ಬೇರೆ, ಚಿತ್ರ ಬೇರೆ. ಇದನ್ನು ಮುಂದಕ್ಕೆ ಕಳಿಸಬೇಡ” ಎಂದು ಹೇಳಬಲ್ಲವಳಾದರೆ, ಆ 45 ಗಂಟೆಯ ಫೀ ಅಲ್ಲಿಗೇ ಸಂದಿತೆಂದು ನಾನು ಭಾವಿಸುತ್ತೇನೆ.

ಮೂರನೆಯದು ಚರಿತ್ರೆ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ಬಂದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗಲಿಲ್ಲ. ಕೊನೆಗೆ ಆ ಪಾತ್ರ ಮಾಡಿದವರು ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ. ಇಲ್ಲಿ ಕುಳಿತಿರುವ ಹೋಟೆಲು ಬಂಧುಗಳು ಹೆಮ್ಮೆಪಡಬಹುದು! ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತು. ಅದು ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಮುಂದೆ ಬಹುಕಾಲ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ಕನ್ನಡ ಸಿನೆಮಾ ನಮ್ಮ ಹಾಗೆಯೇ ಹೊರನಾಡಿನಲ್ಲಿ ಬಾಡಿಗೆಗೆ ಇದ್ದು ಬೆಳೆದ ಮಗು. ‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಕಾಪಾಡದಿದ್ದರೆ ನೆನಪೂ ಅಳಿಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಚಿತ್ರದ ಹೆಸರು ಹೇಳದೆ ಮುಂದೆ ಹೋಗಲಾರೆ. ಗಿರೀಶ ಕಾಸರವಳ್ಳಿಯವರು 1986ರಲ್ಲಿ ತೆಗೆದ ‘ತಬರನ ಕಥೆ’, ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ್ದು. ನಿವೃತ್ತನಾದ ಒಬ್ಬ ಬಡ ನೌಕರ; ಅವನ ಪಿಂಚಣಿಯ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತದೆ; ಮನೆಯಲ್ಲಿ ಹೆಂಡತಿಯ ಕಾಯಿಲೆ ಏರುತ್ತದೆ. ಇದನ್ನು ನೋಡಿ ಕಣ್ಣು ಒದ್ದೆಯಾಗಲು ಯಾವ ಪಾಠವೂ ಬೇಡ. ಆದರೆ ಪಾಠ ಓದಿದವರು ಇನ್ನೊಂದು ಹೆಜ್ಜೆ ಇಡುತ್ತಾರೆ. ನಿರ್ದೇಶಕರು ತಬರನನ್ನು ಎಷ್ಟು ಹೊತ್ತು ಕಾಯಿಸಿ ತೋರಿಸಿದ್ದಾರೆ? ಕಚೇರಿಯವರನ್ನು ರಾಕ್ಷಸರನ್ನಾಗಿ ತೋರಿಸಿದ್ದಾರೆಯೋ, ನಮ್ಮಂಥ ಸಾಧಾರಣ ಜನರನ್ನಾಗಿಯೋ? ಮೇಜಿನ ಆಚೆ ನಿಂತವನ ಕಥೆ ಅದು. ಈಚೆ ಕುಳಿತ ಗುಮಾಸ್ತರು ನಾವು. ಆ ಚಿತ್ರವನ್ನು ಸರಿಯಾಗಿ ನೋಡಿದ ಗುಮಾಸ್ತನು ಮರುದಿನ ಒಂದು ಕಾಗದವನ್ನಾದರೂ ಬೇಗ ಮುಂದಕ್ಕೆ ಕಳಿಸಿಯಾನು.

ಈಗ ಆಕ್ಷೇಪಗಳನ್ನು ನೋಡೋಣ. ‘ಇದರಿಂದ ನೌಕರಿ ಸಿಗುತ್ತದೆಯೆ?’ ಇಲ್ಲ. ಇದನ್ನು ಮುಚ್ಚಿಡಬಾರದು. 45 ಗಂಟೆಯ ಪರಿಚಯ ಪಾಠದಿಂದ ಯಾರೂ ಛಾಯಾಗ್ರಾಹಕರಾಗುವುದಿಲ್ಲ. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಗೆ ಬಂದು, 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಮುಂದೆ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಸಂದಿತು. ಅದು ವರ್ಷಗಟ್ಟಲೆ ಕಲಿತು ದುಡಿದದ್ದರ ಫಲ. ಕಾಸರವಳ್ಳಿಯವರೂ 1960ರಲ್ಲಿ ಆರಂಭವಾದ ಪುಣೆಯ ಸರಕಾರಿ ಸಂಸ್ಥೆಯಲ್ಲಿ ಪೂರ್ಣಾವಧಿ ಕಲಿತವರು. ಆ ದಾರಿ ಬೇರೆ, ಈ ಐಚ್ಛಿಕ ವಿಷಯ ಬೇರೆ. ಎರಡನ್ನೂ ಬೆರೆಸಿ ಮಕ್ಕಳಲ್ಲಿ ಆಸೆ ಹುಟ್ಟಿಸುವುದು ಬೇಡ.

‘ಮಕ್ಕಳು ಕೆಡುತ್ತಾರೆ’ ಎಂಬುದು ಎರಡನೆಯ ಆಕ್ಷೇಪ. ಅವರು ಸಿನೆಮಾ ನೋಡುವುದನ್ನು ನಾವು ತಡೆಯಲಾರೆವು. ಮೊಬೈಲಿನಲ್ಲಿ ಹೇಗೂ ನೋಡುತ್ತಿದ್ದಾರೆ. ಒಬ್ಬ ಮೇಷ್ಟರ ಮುಂದೆ ಕುಳಿತು, ಟಿಪ್ಪಣಿ ಬರೆದುಕೊಂಡು, ನಿಧಾನವಾಗಿ ನೋಡುವುದು ಅದಕ್ಕಿಂತ ಮೇಲಲ್ಲವೆ?

ಆದರೂ ಫಾರ್ಮಿಗೆ ಸಹಿ ಹಾಕುವ ಮುನ್ನ ತಂದೆತಾಯಿಗಳು ಕಾಲೇಜಿನಲ್ಲಿ ಈ ಕೆಲವು ಮಾತುಗಳನ್ನು ವಿಚಾರಿಸಬೇಕೆಂದು ನನ್ನ ಬಿನ್ನಹ.

1. ಮಾಮೂಲು ಫೀ ಅಲ್ಲದೆ ಕ್ಯಾಮೆರಾ, ಲ್ಯಾಬು ಎಂದು ಬೇರೆ ಹಣ ಕೇಳುತ್ತಾರೆಯೆ?

2. ಚಿತ್ರ ಒಂದು ಗಂಟೆಯ ಪಿರಿಯಡ್ಡಿನಲ್ಲಿ ಮುಗಿಯುವುದಿಲ್ಲ. ಪ್ರದರ್ಶನ ಯಾವ ಹೊತ್ತಿಗೆ? ಹಗಲು ದುಡಿದು ಕಲಿಯುವವರಿಗೂ, ದೂರದಿಂದ ಲೋಕಲ್ ಗಾಡಿಯಲ್ಲಿ ಬರುವ ಹೆಣ್ಣುಮಕ್ಕಳಿಗೂ ಆ ಹೊತ್ತು ಅನುಕೂಲವೆ?

3. ಆ ವಿಷಯ ಕಲಿತ ಅಧ್ಯಾಪಕರಿದ್ದಾರೆಯೆ? ಅಥವಾ ತೆರೆ ಇಳಿಸಿ ಚಿತ್ರ ಹಚ್ಚಿ ಸುಮ್ಮನೆ ಹೋಗಿಬಿಡುತ್ತಾರೆಯೆ?

4. ಪರೀಕ್ಷೆ ಹೇಗೆ? ಮಗುವಿನಿಂದ ಪ್ರಬಂಧ ಬರೆಸುತ್ತಾರೆಯೆ? ಬರೆಸಿದರೆ ಒಳ್ಳೆಯದು, ನೋಡಿದ್ದನ್ನು ಮಾತಿನಲ್ಲಿ ಹೇಳುವ ಅಭ್ಯಾಸ ಯಾವ ಕೆಲಸದಲ್ಲೂ ಬೇಕು.

ಮುಖ್ಯ ವಿಷಯದಲ್ಲಿ ಹಿಂದೆ ಬಿದ್ದ ಮಗು, ‘ಇದು ಸುಲಭ’ ಎಂದು ಆರಿಸಿಕೊಳ್ಳುತ್ತಿದ್ದರೆ ಬೇಡವೆನ್ನಿ. ಇದು ಸುಲಭವಲ್ಲ. ಕುತೂಹಲದಿಂದ ಆರಿಸಿಕೊಳ್ಳುತ್ತಿದ್ದರೆ ತಡೆಯಬೇಡಿ.

ಕಾಲೇಜಿಗೆ ಹೋಗಲಾಗದ ನಮ್ಮಂಥವರ ಗತಿ ಏನು? ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಎಂಬ ಅಂತರ್ಜಾಲ ಪಾಠಶಾಲೆಯಲ್ಲಿ ಸಿನೆಮಾ ಕುರಿತ ಪಾಠಗಳೂ ಬಂದಿವೆ. ಪಾಠ ಕೇಳಲು ಹಣ ಬೇಡ. ಪರೀಕ್ಷೆ ಬರೆದು ಸರ್ಟಿಫಿಕೇಟು ಪಡೆಯುವುದಾದರೆ ಮಾತ್ರ ಶುಲ್ಕವುಂಟು. ಆದರೆ ಒಬ್ಬೊಬ್ಬರೇ ಕೋಣೆಯಲ್ಲಿ ಕುಳಿತು ಕೇಳುವುದಕ್ಕಿಂತ, ನಾಲ್ಕು ಜನ ಕೂಡಿ ನೋಡಿ ಚರ್ಚಿಸುವುದು ಮೇಲು. ನಮ್ಮ ದೇಶದ ಫಿಲ್ಮ್ ಸೊಸೈಟಿಗಳು ಹುಟ್ಟಿದ್ದೇ ಹಾಗೆ. 1947ರಲ್ಲಿ ಸತ್ಯಜಿತ್ ರಾಯ್ ಮತ್ತವರ ಗೆಳೆಯರು ಕಲ್ಕತ್ತೆಯಲ್ಲಿ ಅಂಥದೊಂದನ್ನು ಕಟ್ಟಿದಾಗ, ರಾಯ್ ಅವರು ಜಾಹೀರಾತು ಕಂಪನಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವರು. ‘ಪಥೇರ್ ಪಾಂಚಾಲಿ’ ಬಂದದ್ದು ಅದಾಗಿ ಎಂಟು ವರ್ಷದ ಮೇಲೆ, 1955ರಲ್ಲಿ.

ಆದಕಾರಣ ಕಾರ್ಯಕಾರಿ ಸಮಿತಿಯವರಲ್ಲಿ ನನ್ನದೊಂದು ಸಲಹೆ. ತಿಂಗಳಿಗೊಂದು ಭಾನುವಾರ ವಾಚನಾಲಯದ ಬೆಂಚುಗಳನ್ನು ಸರಿಸಿ ಒಂದು ಕನ್ನಡ ಚಿತ್ರ ತೋರಿಸೋಣ. ತೋರಿಸಲು ಹಕ್ಕುದಾರರ ಅನುಮತಿಯನ್ನು ಕ್ರಮವಾಗಿ ಪಡೆಯೋಣ. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, ಆಮೇಲೆ ‘ತಬರನ ಕಥೆ’ — ಈ ನಾಲ್ಕೂ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದವು. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಮಾತು. ಆ ಮಾತನ್ನು ನಡೆಸುವವರು ಕಾಲೇಜಿನಲ್ಲಿ ಈ ವಿಷಯ ತೆಗೆದುಕೊಂಡ ನಮ್ಮ ಮಕ್ಕಳೇ ಆಗಲಿ. ಇಲ್ಲಿ ಹುಟ್ಟಿ ಬೆಳೆದ ಅನೇಕ ಮಕ್ಕಳಿಗೆ ಕನ್ನಡ ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ಹಿರಿಯರ ಮುಂದೆ ನಿಂತು ಒಂದು ಚಿತ್ರದ ಮೇಲೆ ನಾಲ್ಕು ಮಾತು ಹೇಳುವಷ್ಟು ಕನ್ನಡ ಅವರಿಗೆ ಬಂದರೆ, ಅದು ಯಾವ ಸೆಮಿಸ್ಟರಿನ ಅಂಕಕ್ಕೂ ಕಡಿಮೆಯದಲ್ಲ.

 ಮುಂದಿನ ಭಾನುವಾರ ಸಲಹೆಯ ಪುಸ್ತಕವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿರುತ್ತೇವೆ. ತಾವು ನೋಡಬಯಸುವ ಚಿತ್ರದ ಹೆಸರನ್ನು ದಯವಿಟ್ಟು ಅದರಲ್ಲಿ ಬರೆಯಿರಿ.