ನೆಗಡಿಗೆ ಮನೆಯ ಆರೈಕೆ



‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂಬ ಗಾದೆಯನ್ನು ನೀವು ಮನೆಯ ಹಿರಿಯರಿಂದ ಕೇಳಿರಬಹುದು. ಮೂಗು ಕಟ್ಟುತ್ತದೆ, ತಲೆ ಭಾರವಾಗುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಪರೀಕ್ಷೆ ಹತ್ತಿರವಿದ್ದರಂತೂ ಕೇಳುವುದೇ ಬೇಡ. ಆಗ ಅನೇಕರು ಔಷಧಿ ಅಂಗಡಿಗೆ ಹೋಗಿ, ‘ಬೇಗ ಗುಣವಾಗುವಂಥ ಮಾತ್ರೆ ಕೊಡಿ’ ಎನ್ನುತ್ತಾರೆ. ಎಷ್ಟೋ ಸಲ ಕೈಗೆ ಬರುವುದು ಆಂಟಿಬಯೋಟಿಕ್. ಅದು ಏಕೆ ಬೇಡ ಎಂಬುದನ್ನು ಮೊದಲು ನೋಡೋಣ.

ನೆಗಡಿ ತರುವುದು ವೈರಸ್. ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಪೆನಿಸಿಲಿನ್ ಜಾತಿಯ ಔಷಧಗಳು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿಯನ್ನು ಕಟ್ಟಿಕೊಳ್ಳದಂತೆ ತಡೆಯುತ್ತವೆ. ವೈರಸ್ಸಿಗೆ ಕೋಶಭಿತ್ತಿಯೇ ಇಲ್ಲ. ಗೋಡೆಯಿಲ್ಲದ ಮನೆಗೆ ಕನ್ನ ಕೊರೆಯುವುದೆಲ್ಲಿ? ಆ ಮಾತ್ರೆ ಕೊಲ್ಲುವುದು ನಮ್ಮ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು. ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ. ನಾಳೆ ಮನೆಯಲ್ಲಿ ಯಾರಿಗಾದರೂ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಬಂದಾಗ ಅದೇ ಔಷಧ ಕೈಕೊಡಬಹುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ ಈ ಬಗೆಯ ಎಚ್ಚರಿಕೆ ಕೊಟ್ಟಿದ್ದರು. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು.

ಸಿಂಬಳ ಹಸಿರಾಗಿದೆಯೆಂದು ಗಾಬರಿ ಬೀಳುವವರಿದ್ದಾರೆ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳ ಒಂದು ಕಿಣ್ವದ್ದು. ಬಣ್ಣವೊಂದನ್ನೇ ನೋಡಿ ಔಷಧ ನಿರ್ಧರಿಸುವಂತಿಲ್ಲ.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ನಿದ್ದೆ, ವಿಶ್ರಾಂತಿ, ಬಿಸಿ ಗಂಜಿ, ತಿಳಿಸಾರು, ಸಾಕಷ್ಟು ನೀರು. ಗಂಟಲು ಕೆರೆದರೆ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ. ಶುಂಠಿ, ಮೆಣಸಿನ ಕಷಾಯ ವೈರಸ್ಸನ್ನು ಕೊಲ್ಲುವುದಿಲ್ಲ. ಆದರೂ ನಾನು ಕಷಾಯದ ಪಕ್ಷಪಾತಿ. ಗಂಟಲಿಗೆ ಹಿತ, ಹೊಟ್ಟೆಗೆ ನೀರು ಸೇರುತ್ತದೆ. ಕೆಮ್ಮಿಗೆ ಒಂದು ಚಮಚ ಜೇನುತುಪ್ಪವೂ ಒಳ್ಳೆಯದೇ, ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಕೂಡದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಇನ್ನು ಹಬೆ. ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳ ಮೈ ಸುಡುವುದುಂಟು. ಚಿಕ್ಕವರಿಗೆ ಹಬೆ ಬೇಡವೇ ಬೇಡ.

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆದರೆ ಇಲ್ಲೊಂದು ಗುಟ್ಟಿದೆ. ನೆಗಡಿಗೆಂದು ಮಾರುವ ಅನೇಕ ಮಾತ್ರೆಗಳಲ್ಲಿ, ಸಿರಪ್ಪುಗಳಲ್ಲಿ ಇದೇ ಔಷಧ ಸೇರಿರುತ್ತದೆ. ಎರಡನ್ನೂ ನುಂಗಿದರೆ ಅಳತೆ ಮೀರಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಸಣ್ಣ ಅಕ್ಷರವಾದರೂ ಹಿಂಬದಿ ಓದಿ. ರಸಾಯನಶಾಸ್ತ್ರ ಕಲಿತದ್ದು ಇಂಥದ್ದಕ್ಕೇ ಅಲ್ಲವೇ! ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಬೇಡ. ವೈರಸ್ ಜ್ವರದಲ್ಲಿ ಅದು ಅಪರೂಪಕ್ಕಾದರೂ ಮಿದುಳು, ಯಕೃತ್ತುಗಳಿಗೆ ಅಪಾಯ ತರಬಲ್ಲದು.

ಫ್ಲೂ ಮಾತ್ರ ನೆಗಡಿಯ ಅಣ್ಣ. ನೆಗಡಿ ಮೆಲ್ಲಗೆ ಬರುತ್ತದೆ. ಫ್ಲೂ ಬೆಳಿಗ್ಗೆ ಚೆನ್ನಾಗಿದ್ದವರನ್ನು ಸಂಜೆಗೆ ಮಲಗಿಸುತ್ತದೆ. ಮೈಕೈ ನೋವು, ಚಳಿ, ಜೋರು ಜ್ವರ. 1918ರಲ್ಲಿ ಭಾರತದಲ್ಲಿ ಅದು ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ವೃದ್ಧರು, ಗರ್ಭಿಣಿಯರು, ಎಳೆಗೂಸುಗಳು, ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇರುವವರಿಗೆ ಫ್ಲೂ ಶಂಕೆಯಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ವೈರಸ್ಸಿನ ಮೇಲೆ ಕೆಲಸ ಮಾಡುವ ಔಷಧವನ್ನು ಎರಡು ದಿನಗಳೊಳಗೆ ಶುರುಮಾಡಿದರೆ ಹೆಚ್ಚು ಫಲ. ಯಾರಿಗೇ ಆಗಲಿ ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಮಂಪರು ಕವಿದರೆ, ಇಳಿದ ಜ್ವರ ಮತ್ತೆ ಏರಿದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಮಾತ್ರೆಯ ನೆರವಿಲ್ಲದೆ 24 ಗಂಟೆ ಜ್ವರ ಬಾರದೆ ಇರುವವರೆಗೆ ತರಗತಿಗೆ ಹೋಗಬೇಡಿ. ಹಾಜರಿಯ ಚಿಂತೆ ನನಗೂ ಗೊತ್ತು. ಆದರೆ ಪಕ್ಕದ ಬೆಂಚಿನವನ ಮನೆಯಲ್ಲೂ ಒಬ್ಬ ಅಜ್ಜಿ ಇರಬಹುದು.